ತಡೆಯಿರಿ, ಪುಟ ಬರುತ್ತಿದೆ

ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರ ಜೊತೆ ಹರಟುತ್ತಾ ಕೂತಿದ್ದಾಗ ಹೋಳಿಗೆ ಬಡಿಸುವವನು ನಿಮ್ಮ ಎಲೆ ದಾಟಿ ಮುಂದೆ ಹೋಗಿದ್ದರೆ, ಟೆಲಿಟೆಕ್ಸ್ಟ್, ಅಂದರೆ ಟಿವಿ ಪ್ರಸಾರದ ಜೊತೆಗೇ ಬರುವ ಅಕ್ಷರದ ಪುಟಗಳ ಸೇವೆ, ಹೇಗಿರುತ್ತದೆ ಅಂತ ನಿಮಗೆ ಅರ್ಧ ಗೊತ್ತಾದಂತೆಯೇ. ಉಳಿದ ಅರ್ಧ ಇಷ್ಟು: ಈ ಪಂಕ್ತಿಯಲ್ಲಿ ‘ಏ ಹೋಳಿಗೆ, ಇಲ್ಲಿ ಬಾರಪ್ಪ’ ಎಂದು ಕೂಗುವಂತಿಲ್ಲ. ಪ್ರಸಾರ ಕೇಂದ್ರ ಬಡಿಸುತ್ತಲೇ ಇರುತ್ತದೆ, ಮನೆಯ ಟಿವಿಗೆ ಕಿವಿ ಮಾತ್ರ ಇದೆ, ಬಾಯಿಲ್ಲ. ರಿಮೋಟಿನಲ್ಲಿ ನೀವು ಪುಟದ ಸಂಖ್ಯೆ 302 ಒತ್ತಿದ್ದು ಲಂಡನ್ನಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಟಿವಿ ಸುಮ್ಮನೆ ಎಲೆ ಹಾಕಿಕೊಂಡು 302 ಸುತ್ತಿ ಬರುವುದನ್ನೇ ಕಾಯುತ್ತದೆ.

ಬ್ರಿಟನ್ನಿನ ಬಿಬಿಸಿ ಈ ಬಡಿಸಾಟವನ್ನು ಶುರು ಮಾಡಿದ್ದು 1974ರ ಸೆಪ್ಟೆಂಬರ್ 23ರಂದು. ಹೆಸರು ಸೀಫ್ಯಾಕ್ಸ್, ‘ಸಂಗತಿ ನೋಡಿ’ ಎಂಬ ಇಂಗ್ಲಿಷ್ ಮಾತಿನ ಉಚ್ಚಾರವನ್ನೇ ಅಕ್ಷರ ಬದಲಿಸಿ ಬರೆದದ್ದು. ಮೊದಲ ಸಂಪಾದಕ ಕಾಲಿನ್ ಮೆಕಿಂಟೈರ್ ಆರಂಭದ ದಿನಗಳಲ್ಲಿ ಪುಟಗಳನ್ನು ಒಬ್ಬರೇ ತುಂಬಿಸುತ್ತಿದ್ದರು. ಎದುರಾಳಿ ಖಾಸಗಿ ಚಾನೆಲ್ ಐಟಿವಿಯದು ಒರಾಕಲ್. 1993ರಲ್ಲಿ ಅದರ ಜಾಗಕ್ಕೆ ಟೆಲಿಟೆಕ್ಸ್ಟ್ ಎಂಬ ಹೆಸರಿನ ಸಂಸ್ಥೆಯೇ ಬಂತು. ಸುದ್ದಿ, ಹವಾಮಾನ, ಫುಟ್‌ಬಾಲ್, ಕ್ರಿಕೆಟ್, ಷೇರು, ವಿಮಾನದ ಹೊತ್ತು, ಅಗ್ಗದ ಪ್ರವಾಸ ಎಲ್ಲವೂ ಕಪ್ಪು ಹಿನ್ನೆಲೆಯ ಮೇಲೆ ಏಳು ಬಣ್ಣಗಳಲ್ಲಿ. ಮೋಡದ ಚಿತ್ರ ಕೂಡ ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿಗೆಯಲ್ಲಿ ಕಟ್ಟಿದ ಹಾಗೆ ಇರುತ್ತಿತ್ತು.

ಅಕ್ಷರಗಳು ಬರುತ್ತಿದ್ದ ದಾರಿಯೇ ಮಜಾ. ಹಳೆಯ ಡಬ್ಬ ಟಿವಿಯಲ್ಲಿ ಕಿರಣ ಮೇಲಿಂದ ಕೆಳಗೆ ಗೆರೆ ಎಳೆಯುತ್ತಾ ಬಂದು, ತಳ ಮುಟ್ಟಿ, ಮತ್ತೆ ಮೇಲಕ್ಕೆ ಹೋಗಬೇಕಲ್ಲ, ಆ ಹೊತ್ತಿನ ಗೆರೆಗಳಲ್ಲಿ ಚಿತ್ರ ಇರುವುದಿಲ್ಲ. ಬ್ರಿಟನ್ನಿನಲ್ಲೂ ನಮ್ಮಲ್ಲೂ ಇದ್ದ 625 ಗೆರೆಗಳ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಹೀಗೆ ಖಾಲಿ ಓಡುವ ಗೆರೆ ಹಲವು. ಸಂತೆಯಿಂದ ಖಾಲಿ ವಾಪಸಾಗುವ ಲಾರಿಗೆ ಯಾರೋ ನಾಲ್ಕು ಮೂಟೆ ಹೇರಿದ ಹಾಗೆ, ಎಂಜಿನಿಯರುಗಳು ಅಲ್ಲಿ ಅಕ್ಷರ ಹೇರಿದರು. ಒಂದು ಖಾಲಿ ಗೆರೆಯಲ್ಲಿ ಪುಟದ ಒಂದು ಸಾಲು, ಅಂದರೆ 40 ಅಕ್ಷರ. ಪುಟಕ್ಕೆ ಸುಮಾರು 24 ಸಾಲು.

ಈಗ ಲೆಕ್ಕ ಹಾಕಿ. ಸೆಕೆಂಡಿಗೆ 50 ಸಲ ಕಿರಣ ಮೇಲಕ್ಕೆ ಮರಳುತ್ತದೆ. ಸಲಕ್ಕೆ ಎರಡು ಗೆರೆ ಬಳಸಿದರೆ ಸೆಕೆಂಡಿಗೆ 100 ಸಾಲು, ಹತ್ತಿರ ಹತ್ತಿರ 4 ಪುಟ. ನೂರು ಪುಟದ ಸುತ್ತು ಮುಗಿಯಲು 24-25 ಸೆಕೆಂಡು. ನಿಮ್ಮ ಅದೃಷ್ಟ ಸಾಧಾರಣವಾಗಿದ್ದರೆ 12 ಸೆಕೆಂಡು ಕಾಯುತ್ತೀರಿ. ಅದೃಷ್ಟ ಕೆಟ್ಟಿದ್ದರೆ ನೀವು ಮೂರನೇ ಅಂಕಿ ಒತ್ತುವ ಕ್ಷಣದಲ್ಲೇ ಆ ಪುಟ ಎಲೆ ದಾಟಿರುತ್ತದೆ, ಪೂರ್ತಿ 25. ನೆತ್ತಿಯ ಸಾಲಿನಲ್ಲಿ ಪುಟದ ಅಂಕಿಗಳು ಆಟೋ ಮೀಟರಿನಂತೆ ತಿರುಗುತ್ತಿರುತ್ತವೆ: 298, 299, 300, 301... ಅಷ್ಟರಲ್ಲಿ ಮನೆಯವರೊಬ್ಬರು ‘ಒಂದು ನಿಮಿಷ, ಸೀರಿಯಲ್ ಶುರುವಾಯ್ತಾ ನೋಡ್ತೀನಿ’ ಎಂದು ಚಾನೆಲ್ ಬದಲಿಸಿದರೆ ಕಾದದ್ದೆಲ್ಲ ನೀರಲ್ಲಿ ಹೋಮ. ಟಿವಿಯ ನೆನಪು ಆ ಚಾನೆಲ್ಲಿನ ಮಟ್ಟಿಗೆ ಮಾತ್ರ. ಹಿಂದಿರುಗಿ ಬಂದರೆ ಮತ್ತೆ 100ರಿಂದ ಪಂಕ್ತಿ ಕೂರಬೇಕು.

ಪುಟ ಬಂತು ಎಂದು ನಿಟ್ಟುಸಿರು ಬಿಡುವ ಹಾಗೂ ಇಲ್ಲ. ಮೇಲೆ ಬಲಗಡೆ 3/4 ಎಂದಿರುತ್ತದೆ. ಅಂದರೆ ಅದೇ ಸಂಖ್ಯೆಯಡಿ ನಾಲ್ಕು ಉಪಪುಟಗಳಿವೆ, ನೀವು ಮೂರನೆಯದರಲ್ಲಿ ಹತ್ತಿದ್ದೀರಿ, ಕತೆ ಶುರುವಾಗುವುದು ಒಂದನೆಯದರಲ್ಲಿ. ಒಂದೊಂದೂ ಒಂದು ಸುತ್ತು, ಅಂದರೆ ಇಪ್ಪತ್ತೈದು ಸೆಕೆಂಡಿನಷ್ಟು ನಿಲ್ಲುತ್ತದೆ ಎಂದುಕೊಳ್ಳಿ. ಬೇಗ ಓದುವವರಿಗೆ ಆಕಳಿಕೆ, ನಿಧಾನಕ್ಕೆ ಓದುವವರಿಗೆ ಕೊನೆಯ ಎರಡು ಸಾಲು ಯಾವತ್ತೂ ಸಿಗುವುದಿಲ್ಲ. ಇದಕ್ಕೆಂದೇ ರಿಮೋಟಿನಲ್ಲಿ ‘ಹೋಲ್ಡ್’ ಇತ್ತು. ಒತ್ತಿದರೆ ಪುಟ ನಿಲ್ಲುತ್ತದೆ. ಒತ್ತಿದ್ದು ಮರೆತರೆ ಲೋಕವೇ ನಿಲ್ಲುತ್ತದೆ. ಹೋಲ್ಡ್ ಒತ್ತಿ, ಚಹಾ ಮಾಡಿಕೊಂಡು ಬಂದು, ‘ಅರ್ಧ ಗಂಟೆಯಿಂದ ಒಂದು ರನ್ನೂ ಹೊಡೆದಿಲ್ವಲ್ಲ, ಎಂಥಾ ತಾಳ್ಮೆ’ ಎಂದು ಬ್ಯಾಟ್ಸ್‌ಮನ್ನನ್ನು ಹೊಗಳುವುದು ಸೀಫ್ಯಾಕ್ಸ್ ಮನೆಗಳ ಮಾಮೂಲು ಅಪಘಾತ. ಪರೀಕ್ಷೆ ಸುಲಭ: ತೆರೆಯ ಮೂಲೆಯಲ್ಲಿ ಹೋಲ್ಡ್ ಗುರುತು ಇದೆಯೇ ನೋಡಿ. ಇದ್ದರೆ ತಾಳ್ಮೆ ಆಟಗಾರನದಲ್ಲ, ರಿಮೋಟಿನದು.

ಅಗ್ಗದ ಪ್ರವಾಸದ ಪುಟಗಳಲ್ಲಿ ಇದು ದುಬಾರಿಯಾಗುತ್ತಿತ್ತು. ‘ಟೆನೆರೀಫ್, 7 ರಾತ್ರಿ’ ಎಂಬ ಸಾಲು ಎರಡನೇ ಉಪಪುಟದಲ್ಲಿ, ಫೋನ್ ನಂಬರು ನಾಲ್ಕನೆಯದರಲ್ಲಿ. ನಂಬರು ಬಂದಾಗ ಪೆನ್ನಿಲ್ಲ. ಪೆನ್ನು ತಂದಾಗ ಕಾಗದವಿಲ್ಲ. ಎರಡೂ ಸಿಕ್ಕಾಗ ಬೇರೆ ಊರಿನ ಪ್ರವಾಸ ಓಡುತ್ತಿರುತ್ತದೆ.

ಇನ್ನು ಕ್ರಿಕೆಟ್. 1996ರ ಜೂನ್, ಲಾರ್ಡ್ಸ್ ಟೆಸ್ಟ್, ದ್ರಾವಿಡ್ ಮತ್ತು ಗಂಗೂಲಿ ಇಬ್ಬರಿಗೂ ಮೊದಲ ಪಂದ್ಯ. ವೆಂಕಟೇಶ್ ಪ್ರಸಾದ್ 76ಕ್ಕೆ 5 ಕಿತ್ತ ಮೇಲೆ ಗಂಗೂಲಿ 131, ದ್ರಾವಿಡ್ 95. ಆಗ ಇಂಗ್ಲೆಂಡಿನಲ್ಲಿದ್ದು, ಕೆಲಸ ಮುಗಿಸಿ ಬಂದು, ಸ್ಕೋರಿಗೆ ಟಿವಿಯ ಅಕ್ಷರವನ್ನೇ ನಂಬಿಕೊಂಡಿದ್ದ ಕನ್ನಡಿಗರಿಗಾಗಿ ಈ ಒಂದು ಪ್ಯಾರಾ ಮೀಸಲು. ಟೆಲಿಟೆಕ್ಸ್ಟಿನ ಪ್ರತಿ ಅಕ್ಷರಕ್ಕೆ ಏಳು ಬಿಟ್ (ಒಂದೊಂದೂ 0 ಅಥವಾ 1), ಜೊತೆಗೆ ಕಾವಲಿಗೆ ಎಂಟನೆಯದೊಂದು. ಎಂಟರಲ್ಲಿ ‘1’ಗಳ ಎಣಿಕೆ ಬೆಸಸಂಖ್ಯೆಯೇ ಆಗಬೇಕು ಎಂಬುದು ನಿಯಮ. ದಾರಿಯಲ್ಲಿ ಒಂದು ಬಿಟ್ ಕೆಟ್ಟರೆ ಎಣಿಕೆ ಸಮವಾಗುತ್ತದೆ, ಕಾವಲುಗಾರ ಹಿಡಿಯುತ್ತಾನೆ, ಆ ಜಾಗ ಖಾಲಿ ಉಳಿಯುತ್ತದೆ. ಅಕ್ಕಪಕ್ಕದ ಎರಡು ಬಿಟ್ ಒಟ್ಟಿಗೆ ಕೆಟ್ಟರೆ ಎಣಿಕೆ ಮತ್ತೆ ಬೆಸ, ಕಾವಲುಗಾರ ಸಲಾಮು ಹೊಡೆದು ಒಳಗೆ ಬಿಡುತ್ತಾನೆ. 5ರ ಕೊನೆಯ ನಾಲ್ಕು ಬಿಟ್ 0101. 9ರದು 1001. ವ್ಯತ್ಯಾಸ ಎಷ್ಟು? ಅಕ್ಕಪಕ್ಕದ ಎರಡೇ ಬಿಟ್! ಹಾಗಾಗಿ ಆಂಟೆನಾ ಸರಿಯಿಲ್ಲದ ಮನೆಯಲ್ಲಿ ದ್ರಾವಿಡ್ 95ಕ್ಕೆ ಔಟಾಗಿ ಪೆವಿಲಿಯನ್ನಿಗೆ ಹೋದ ಮೇಲೂ ತೆರೆಯ ಮೇಲೆ 99 ಆಗಬಲ್ಲರು. 3 ಎಂದರೆ 0011, 0 ಎಂದರೆ 0000, ಅಲ್ಲೂ ಎರಡೇ ಬಿಟ್. ಗಂಗೂಲಿಯ 131 ಸಲೀಸಾಗಿ 101. ಪುಟ ಇನ್ನೊಂದು ಸುತ್ತು ಬಂದಾಗ ಎಲ್ಲ ಸರಿಹೋಗುತ್ತದೆ, ಅಷ್ಟು ಹೊತ್ತಿಗೆ ಸುದ್ದಿ ಫೋನಿನಲ್ಲಿ ಮೂರು ಮನೆ ದಾಟಿರುತ್ತದೆ. ಇಷ್ಟೆಲ್ಲ ಗಲಾಟೆಯಲ್ಲೂ 95 ಮಾತ್ರ 100 ಆಗುವುದಿಲ್ಲ. ಅದಕ್ಕೆ ಮೂರನೇ ಅಂಕಿ ಬೇಕು. ಆ ಐದು ರನ್ನನ್ನು ಕೊಡುವ ದೋಷ ಯಾವ ಆಂಟೆನಾದಲ್ಲೂ ಇಲ್ಲ.

‘ಚಿತ್ರ ಚೆನ್ನಾಗೇ ಬರ್ತಿದೆ, ಅಕ್ಷರ ಮಾತ್ರ ಹಲ್ಲುಬಿದ್ದಂತೆ ಬರ್ತಿದೆ’ ಎನ್ನುವುದು ಟೆಲಿಟೆಕ್ಸ್ಟಿನ ನಿತ್ಯದ ದೂರು. ಅಂಗಡಿಯವನು ಟಿವಿಯನ್ನು ಬೈಯುತ್ತಾನೆ, ತಪ್ಪು ಬಹುಪಾಲು ಟಿವಿಯದಲ್ಲ. ಅಕ್ಷರಗಳು ಸೆಕೆಂಡಿಗೆ 6.9375 ಮೆಗಾಬಿಟ್ ವೇಗದಲ್ಲಿ ಬರುತ್ತವೆ. ಒಂದು ಬಿಟ್ಟಿನ ಆಯುಸ್ಸು ಮೈಕ್ರೊಸೆಕೆಂಡಿನ ಏಳನೇ ಒಂದು ಪಾಲು. ಅಷ್ಟರಲ್ಲಿ ರೇಡಿಯೊ ಅಲೆ ಓಡುವುದು ಸುಮಾರು 43 ಮೀಟರ್. ಅಂದರೆ ಆಂಟೆನಾದ ಹಿಂದೆ ಇಪ್ಪತ್ತೊಂದು ಇಪ್ಪತ್ತೆರಡು ಮೀಟರ್ ದೂರದಲ್ಲಿ ಒಂದು ಕಟ್ಟಡವಿದ್ದು ಅಲೆ ಅದಕ್ಕೆ ಬಡಿದು ವಾಪಸ್ ಬಂದರೆ, ಆ ಮಾರ್ದನಿ ಸರಿಯಾಗಿ ಒಂದು ಬಿಟ್ ತಡವಾಗಿ ಬಂದು ಮುಂದಿನ ಬಿಟ್ಟಿನ ಮೇಲೆ ಕೂರುತ್ತದೆ. ಚಿತ್ರದಲ್ಲಿ ಇದು ತೆರೆಯ ಅಗಲದ 360ನೇ ಒಂದು ಭಾಗದಷ್ಟು ನೆರಳು, ಕಣ್ಣಿಗೆ ಕಾಣುವುದೇ ಇಲ್ಲ. ಅಕ್ಷರಕ್ಕೆ ಮರಣಾಂತಿಕ. ಇದಕ್ಕೆ ಬೂಸ್ಟರ್ ಹಾಕುವುದು ದಂಡ, ಅದು ಮಾರ್ದನಿಯನ್ನೂ ಅಷ್ಟೇ ಜೋರು ಮಾಡುತ್ತದೆ. ಆಂಟೆನಾವನ್ನು ಒಂದೆರಡು ಬೆರಳಿನಷ್ಟೇ ತಿರುಗಿಸಿ, ಚಿತ್ರವನ್ನಲ್ಲ ಪುಟ 100ನ್ನು ನೋಡುತ್ತಾ ನಿಲ್ಲಿಸಿ. ಕೊಠಡಿಗೊಂದು ಟಿವಿ ಎಂದು ಕೇಬಲ್ಲನ್ನು ಮೂರು ಕಡೆ ಸೀಳಿದ್ದರೆ ಮೊದಲು ಅದನ್ನು ಕಿತ್ತು ನೋಡಿ. ಮಾಳಿಗೆಯ ಮೇಲಿರುವವರಿಗೂ ಟಿವಿ ಮುಂದಿರುವವರಿಗೂ ನಡುವೆ ಒಂದು ಸುತ್ತಿನ ತಡ ಇರುತ್ತದೆಂಬುದು ನೆನಪಿರಲಿ. ‘ಸರಿಯಾಯ್ತು!’ ಎಂಬ ಕೂಗು ಕೇಳುವ ಹೊತ್ತಿಗೆ ಮೇಲಿನವರು ಇನ್ನೂ ನಾಲ್ಕು ಬೆರಳು ತಿರುಗಿಸಿ ಆಗಿರುತ್ತದೆ.

ಬಣ್ಣದಲ್ಲೂ ಒಂದು ಜಿಪುಣತನವಿತ್ತು. ಬಿಳಿಯಿಂದ ಹಳದಿಗೆ ಹೋಗಬೇಕಾದರೆ ‘ಇನ್ನು ಹಳದಿ’ ಎಂಬ ಅಪ್ಪಣೆಯೇ ಒಂದು ಅಕ್ಷರದ ಜಾಗ ತಿನ್ನುತ್ತದೆ, ತೆರೆಯಲ್ಲಿ ಅದು ಖಾಲಿ ಕಾಣುತ್ತದೆ. 40ರ ಸಾಲಿನಲ್ಲಿ ಮೂರು ಸಲ ಬಣ್ಣ ಬದಲಿಸಿದ ಪತ್ರಕರ್ತನಿಗೆ ಬರೆಯಲು ಉಳಿಯುವುದು 37. ಸೀಫ್ಯಾಕ್ಸಿನ ಅಳತೆ ಎಷ್ಟು ಗಟ್ಟಿಯಾಗಿತ್ತೆಂದರೆ, ಬಿಬಿಸಿಯ ಸುದ್ದಿ ವೆಬ್‌ಸೈಟಿನ ಶೀರ್ಷಿಕೆಗಳೂ ಎಷ್ಟೋ ವರ್ಷ ಮೂವತ್ತು ಚಿಲ್ಲರೆ ಅಕ್ಷರದೊಳಗೇ ಮುದುಡಿ ಕೂತಿದ್ದವು. ಕನ್ನಡದ ಉಪಸಂಪಾದಕರು ಅಲ್ಲಿದ್ದಿದ್ದರೆ ಏನಾಗುತ್ತಿತ್ತೋ. ಒಂದು ಅಕ್ಷರಕ್ಕೆ ಒಂದೇ ಪುಟ್ಟ ಚೌಕ, ಅದರ ಕೆಳಗೆ ಮುಂದಿನ ಸಾಲು ತಲೆ ತಾಗಿಸಿಕೊಂಡು ನಿಂತಿದೆ. ‘ರಾಷ್ಟ್ರಪತಿ’ಯ ಒತ್ತುಗಳು ಕೆಳಗಿನ ಸಾಲಿನ ಈರುಳ್ಳಿ ಬೆಲೆಯ ಮೇಲೆ ಇಳಿದಿರುತ್ತಿದ್ದವು.

ಮಕ್ಕಳಿಗೆ ಪ್ರಿಯವಾದದ್ದು ‘ರಿವೀಲ್’. ಒಗಟಿನ ಉತ್ತರ ಪುಟದಲ್ಲೇ ಬಂದಿರುತ್ತದೆ, ಅದರ ಮುಂದೆ ‘ಅಡಗಿರು’ ಎಂಬ ಅಪ್ಪಣೆ ಇರುತ್ತದೆ, ಗುಂಡಿ ಒತ್ತಿದರೆ ಹೊರಬರುತ್ತದೆ. ರಿಮೋಟ್ ಒಂದೇ, ಅಣ್ಣ ತಂಗಿ ಇಬ್ಬರು. ಒಬ್ಬರು ಪ್ರಶ್ನೆ ಓದಿ ಮುಗಿಸುವ ಮೊದಲೇ ಇನ್ನೊಬ್ಬರ ಹೆಬ್ಬೆರಳು ಅಲ್ಲಿಗೆ ಹೋಗಿರುತ್ತದೆ. ಚಾನೆಲ್ 4ರ ‘ಬ್ಯಾಂಬೂಜಲ್’ ರಸಪ್ರಶ್ನೆ ಇನ್ನೂ ಘಾಟಿ. ಉತ್ತರಕ್ಕೆ ಕೆಂಪು, ಹಸಿರು, ಹಳದಿ, ನೀಲಿ ಗುಂಡಿ, ತಪ್ಪಿದರೆ ಹಿಂದಕ್ಕೆ. ನೇರ ಕೊನೆಯ ಪುಟದ ಸಂಖ್ಯೆ ಒತ್ತಿ ಗೆಲ್ಲೋಣವೆಂದರೆ ಆಗದು. ಪ್ರಶ್ನೆಯ ಪುಟಗಳ ಸಂಖ್ಯೆಯಲ್ಲಿ ಎ, ಬಿ, ಸಿ ಥರದ ಅಕ್ಷರಗಳಿದ್ದವು, ರಿಮೋಟಿನಲ್ಲಿ ಇರುವುದು ಅಂಕಿ ಮಾತ್ರ.

888 ಒತ್ತಿದರೆ ಅಡಿಬರಹ. ಕಿವಿ ಮಂದವಾದವರಿಗೆ ನಿಜಕ್ಕೂ ದೊಡ್ಡ ಉಪಕಾರ. ಗೊತ್ತಿಲ್ಲದೆ ‘ಮಿಕ್ಸ್’ ಒತ್ತಿದರೆ ಮಾತ್ರ ನಾಯಕಿಯ ಮುಖದ ಮೇಲೆ ಷೇರುಪೇಟೆ.

ನಮ್ಮಲ್ಲಿ? ದೂರದರ್ಶನ 1985ರಲ್ಲಿ ದೆಹಲಿಯಲ್ಲಿ ‘ಇಂಟೆಕ್ಸ್ಟ್’ ಎಂಬ ಸೇವೆ ಶುರು ಮಾಡಿತ್ತು. ಆದರೆ ಹೆಚ್ಚಿನ ಕನ್ನಡದ ಮನೆಗಳಿಗೆ ಟೆಲಿಟೆಕ್ಸ್ಟ್ ಎಂದರೆ ರಿಮೋಟಿನ ಮೂಲೆಯಲ್ಲಿದ್ದ ಒಂದು ಅನಾಥ ಗುಂಡಿ. ಗೆರೆ ಗೆರೆ ಕಾಗದದ ಚಿತ್ರವೋ, ‘ಟಿಎಕ್ಸ್‌ಟಿ’ ಎಂಬ ಅಕ್ಷರವೋ. ವಾಲ್ಯೂಮ್ ಎಂದುಕೊಂಡು ಅಜ್ಜಿ ಅದನ್ನು ಒತ್ತಿದರೆ ತೆರೆ ಕಪ್ಪು, ಮೂಲೆಯಲ್ಲಿ ಪಿ100 ಎಂಬ ಸಂದೇಶ. ಬರುವ ಪುಟವೇ ಇಲ್ಲದ ಚಾನೆಲ್ಲಿನಲ್ಲಿ ಪುಟಕ್ಕಾಗಿ ಟಿವಿ ಯುಗಾಂತ್ಯದವರೆಗೆ ಕಾಯುತ್ತದೆ. ಮನೆಯವರು ಪ್ಲಗ್ ಕೀಳುತ್ತಾರೆ, ಮೆಕ್ಯಾನಿಕ್ಕಿಗೆ ಹೇಳಿ ಕಳಿಸುತ್ತಾರೆ. ಆತ ಬಂದು ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಿ, ಹಿಂದಿನ ಮುಚ್ಚಳವನ್ನು ಶಾಸ್ತ್ರಕ್ಕೆ ಬಿಚ್ಚಿ ಹಾಕಿ, ವಿಸಿಟಿಂಗ್ ಚಾರ್ಜು ತೆಗೆದುಕೊಂಡು ಹೋಗುತ್ತಾನೆ.

ಸೀಫ್ಯಾಕ್ಸ್ ನಿಂತದ್ದು 2012ರ ಅಕ್ಟೋಬರ್ 23ರ ರಾತ್ರಿ, ಉತ್ತರ ಐರ್ಲೆಂಡಿನಲ್ಲಿ ಕೊನೆಯ ಅನಲಾಗ್ ಪ್ರಸಾರ ಆರಿದಾಗ. ನೆದರ್ಲೆಂಡ್ಸಿನ ಎನ್‌ಒಎಸ್, ಸ್ವೀಡನ್ನಿನ ಎಸ್‌ವಿಟಿ ಇನ್ನೂ ಬಡಿಸುತ್ತಿವೆ. ಮೊಬೈಲಿನಲ್ಲೂ ಅದೇ ಇಟ್ಟಿಗೆ ಅಕ್ಷರ.

ಅಟ್ಟದ ಮೇಲೆ ಹಳೆಯ ಡಬ್ಬ ಟಿವಿ ಇದ್ದು, ಆ ಅನಾಥ ಗುಂಡಿ ರಿಮೋಟಿನಲ್ಲಿದ್ದರೆ, ಈಗ ಮನೆಯಲ್ಲೇ ಪ್ರಸಾರ ಮಾಡಬಹುದು. ರಾಸ್‌ಬೆರಿ ಪೈ 3ರಂಥ ಪುಟ್ಟ ಕಂಪ್ಯೂಟರು, ಹಾಕಲು ಉಚಿತ ತಂತ್ರಾಂಶ, ಒಂದು ಎವಿ ಕೇಬಲ್ ಸಾಕು. ಎಡವುವುದು ಎಲ್ಲರೂ ಒಂದೇ ಕಡೆ. ಪೈಗೆ ಚುಚ್ಚುವ ಪಿನ್ನಿನಲ್ಲಿ ಬುಡದ ಪಟ್ಟಿ ಚಿತ್ರದ್ದು, ಅದರ ಮೇಲಿನದು ಗ್ರೌಂಡ್. ಹಳೆಯ ಕ್ಯಾಮೆರಾ ಜೊತೆ ಬಂದ ಎಷ್ಟೋ ಕೇಬಲ್ಲುಗಳಲ್ಲಿ ಕ್ರಮ ಬೇರೆ. ಹಳದಿ ತುದಿಯನ್ನು ಟಿವಿಯ ಹಳದಿ ತೂತಿಗೆ ಹಾಕಿ ಚಿತ್ರ ಬಾರದಿದ್ದರೆ ಬೈಯಬೇಡಿ, ಕೆಂಪು ತುದಿಯನ್ನು ಹಳದಿ ತೂತಿಗೆ ಹಾಕಿ ನೋಡಿ. ಗ್ರೌಂಡೇ ಅದಲುಬದಲಾಗಿದ್ದರೆ ಮಾತ್ರ ಬೇರೆ ಕೇಬಲ್ ತರಬೇಕು. ಎಚ್‌ಡಿಎಂಐ ತಂತಿ ಚುಚ್ಚಿದ್ದರೆ ಪೈ ಅತ್ತಲೇ ಮುಖ ಮಾಡುತ್ತದೆ, ಅದನ್ನು ಕಿತ್ತು ಮತ್ತೆ ಆನ್ ಮಾಡಿ. ಸೆಟ್ಟಿಂಗಿನಲ್ಲಿ ಪಾಲ್ ಆರಿಸಿ. ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲೇ ಬಿಟ್ಟರೆ ಚಿತ್ರ ಬಂದೀತು, ಪುಟ ಬಾರದು.

ಎಲ್ಲ ಸರಿಯಾದ ಮೇಲೆ ಒಂದು ನಿರಾಸೆ ಕಾದಿದೆ. ಸಲಕ್ಕೆ 16 ಗೆರೆ ತುಂಬಿ ಕಳಿಸಿದರೆ ಸೆಕೆಂಡಿಗೆ 33 ಪುಟ, ಒತ್ತುವುದರೊಳಗೆ ಬಂದು ನಿಲ್ಲುತ್ತದೆ. ಇದ್ಯಾವ ಟೆಲಿಟೆಕ್ಸ್ಟ್! ಸೆಟ್ಟಿಂಗಿಗೆ ಹೋಗಿ ಗೆರೆಗಳನ್ನು ಎರಡಕ್ಕೆ ಇಳಿಸಿ, ಪುಟಗಳನ್ನು ನೂರಕ್ಕೆ ಏರಿಸಿ, 302ಕ್ಕೆ ನಾಲ್ಕು ಉಪಪುಟ ಕೊಡಿ. ಆಮೇಲೆ ಮೂರೂ ಅಂಕಿ ಒತ್ತಿ, ಕಾಫಿ ಸೋಸಲು ಒಳಗೆ ಹೋಗಿ. ಲೋಟ ಹಿಡಿದು ಬರುವಷ್ಟರಲ್ಲಿ ಪುಟ ಬಂದಿರುತ್ತದೆ. 3/4.