ಅಂಚು ತುಂಡಾದದ್ದೆಲ್ಲ ಟಂಕಸಾಲೆಯ ತಪ್ಪಲ್ಲ
ಹಳೇ ನಾಣ್ಯಗಳ ಕುರಿತ ನಿಮ್ಮ ಲೇಖನದಲ್ಲಿ ಅಂಚು ತುಂಡಾದ ಹಳೇ ರೂಪಾಯಿ ನಾಣ್ಯಗಳನ್ನೆಲ್ಲ ‘ಮಿಂಟ್ ಎರರ್’ (ಟಂಕಸಾಲೆಯಲ್ಲೇ ಆದ ತಪ್ಪು) ಎಂದು ಒಟ್ಟಿಗೆ ಸೇರಿಸಿದ್ದು ಸರಿಯಲ್ಲ ಸರ್. ಅಚ್ಚು ಬೀಳುವ ಮೊದಲೇ ನಾಣ್ಯದ ಖಾಲಿ ಬಿಲ್ಲೆ ತುಂಡಾಗಿದ್ದರೆ ಆ ಕಡೆಯ ಅಕ್ಷರಗಳು ಅಂಚಿನತ್ತ ಎಳೆದಂತೆ ಮಸುಕಾಗಿರುತ್ತವೆ. ಎಷ್ಟೋ ಸಲ ಅದರ ನೇರ ಎದುರಿನ ಅಂಚೂ ಸರಿಯಾಗಿ ಎದ್ದಿರುವುದಿಲ್ಲ. ಆಮೇಲೆ ಯಾರೋ ಅರ ಹಾಕಿ ಉಜ್ಜಿದ್ದಾದರೆ ಅಕ್ಷರ ಥಟ್ಟನೆ ಕಡಿದಂತಿರುತ್ತದೆ, ಎದುರಿನ ಅಂಚು ಗಟ್ಟಿಯಾಗೇ ಇರುತ್ತದೆ. ಭೂತಗನ್ನಡಿ ಹಿಡಿದರೆ ಅರದ ಗೀರುಗಳೂ ಸಿಕ್ಕಾವು.

ವಿಕ್ಟೋರಿಯಾ ರೂಪಾಯಿಯ ತೂತು, ಬೆಸುಗೆ ಕಲೆಗಳಂತೂ ಸರಕ್ಕೆ ಪೋಣಿಸಿದ ಗುರುತು. 1943–47ರ ತೂತು ಕಾಸು ಮಾತ್ರ ಬೇರೆ, ಅದನ್ನು ಟಂಕಸಾಲೆಯೇ ಹಾಗೆ ಮಾಡಿದ್ದು.

ಅಕ್ಷರ ಮಾಯವಾಗಿದ್ದರೆ ಮೊದಲು ತೂಗಿ ನೋಡಿ. 11.66 ಗ್ರಾಂ ಇರಬೇಕಾದ ವಿಕ್ಟೋರಿಯಾ ಕಾಲದ ಬೆಳ್ಳಿ ರೂಪಾಯಿ ಹಗುರವಾಗಿ, ಎತ್ತರದ ಭಾಗಗಳೆಲ್ಲ ನುಣುಪಾಗಿದ್ದರೆ ಅದು ಬರೀ ಸವೆತ. ಅದನ್ನು ಟಂಕಸಾಲೆಯ ತಪ್ಪೆಂದು ನಂಬಿ ದಯವಿಟ್ಟು ಯಾರೂ ಸಾವಿರಾರು ರೂಪಾಯಿ ಸುರಿಯಬೇಡಿ.