ಡ್ಯಾಶ್‌ಬೋರ್ಡಿನೊಳಗಿನ ಜೀರುಂಡೆ

ನಮ್ಮ ಕಾರಿಗೆ ಆರು ವರ್ಷ ತುಂಬುವ ಹೊತ್ತಿಗೆ ಡ್ಯಾಶ್‌ಬೋರ್ಡಿನೊಳಗೆ ಒಂದು ಜೀರುಂಡೆ ಮನೆ ಮಾಡಿತು. ನಿಜವಾದ ಜೀರುಂಡೆ ಅಲ್ಲ, ಬರೀ ಸದ್ದು. ಮೂರನೇ ಗೇರಿನಲ್ಲಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನೋ ಲೆಕ್ಕ) ಮುಳ್ಳು 2000ದ ಹತ್ತಿರ ಬಂದರೆ ಸಾಕು, 'ಕಿರ್ರ್ರ್' ಶುರು. ಸ್ವಲ್ಪ ಮೇಲೆ ಹೋದರೆ ಗಪ್‌ಚಿಪ್. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಬಂದರೆ ಪ್ಲಾಸ್ಟಿಕ್ ಹಿಗ್ಗಿ, ಅದರ ರಾಗವೇ ಬೇರೆ.

ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡ್ ಹೋದೆ. ಜೀರುಂಡೆ ಬಾಯಿ ಬಿಡಲಿಲ್ಲ. "ಏನೂ ಬರ್ತಿಲ್ವಲ್ಲ ಸಾರ್" ಎಂದು ಅವನು ನನ್ನ ಕಿವಿಯನ್ನೇ ಅನುಮಾನದಿಂದ ನೋಡಿದ. ಅವನನ್ನು ಇಳಿಸಿ ಮೊದಲ ಹಂಪ್ ದಾಟಿದೆ. ಕಿರ್ರ್ರ್!

ಸರಿ, ನಾನೇ ಹುಡುಕೋಣ ಅಂದುಕೊಂಡೆ. ಉಪಾಯ ಸುಲಭ. ಸದ್ದು ಬರುವಾಗ ಒಂದೊಂದೇ ಜಾಗ ಕೈಯಿಂದ ಒತ್ತಬೇಕು, ಎಲ್ಲಿ ಒತ್ತಿದರೆ ನಿಲ್ಲುತ್ತದೋ ಅಲ್ಲೇ ಕಳ್ಳ. ಆದರೆ ನನ್ನ ಕೈ ಸ್ಟೀರಿಂಗ್ ಮೇಲೆ. ಹಾಗಾಗಿ ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು ಹೋದೆ. ಅವಳು ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕಿವಿಗೊಟ್ಟು ಕೂತಿದ್ದಳು. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ಬಗ್ಗಿ ನೋಡಿ ಕೇಳಿದ, "ಬ್ರೇಕ್ ಹೋಗಿದ್ಯಾ ಸಾರ್?"

ಕಳ್ಳ ಸಿಕ್ಕಿದ್ದು ಗ್ಲೋವ್ ಬಾಕ್ಸಿನ ಮೇಲಿನ ಪಟ್ಟಿಯಲ್ಲಿ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದೆ, ಉದ್ದಕ್ಕೆ ಒಂದು ಗೀರು ಬಿತ್ತು. ಆಮೇಲೆ ಬುದ್ಧಿ ಬಂದು ಹಳೇ ಎಟಿಎಂ ಕಾರ್ಡ್ ತೂರಿಸಿದೆ, ಪಟಕ್ ಅಂತ ಬಂತು. ಒಂದು ಕ್ಲಿಪ್ಪೂ ಮುರಿದುಕೊಂಡು ಜೊತೆಗೇ ಬಂತು. ಇನ್ನೆರಡು ಸಡಿಲವಾಗಿ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜುತ್ತಿತ್ತು, ಅಷ್ಟೇ. ಕುರ್ಚಿ ಕಾಲಿಗೆ ಅಂಟಿಸುವ ಫೆಲ್ಟ್ ಕತ್ತರಿಸಿ ನಡುವೆ ಅಂಟಿಸಿದೆ. (ಗಾಜಿನ ಪಕ್ಕದ ಕಂಬದ ಪಟ್ಟಿಗೆ ಮಾತ್ರ ಕೈ ಹಾಕಲಿಲ್ಲ. ಕೆಲವು ಕಾರುಗಳಲ್ಲಿ ಅದರ ಹಿಂದೆ ಏರ್‌ಬ್ಯಾಗ್ ಇರುತ್ತದೆ. ನನಗೂ ಅಷ್ಟು ಭಯ ಉಂಟು.)

ಜೀರುಂಡೆ ಸತ್ತಿತು. ಆಗ ಕೇಳಿಸಿತು ಇನ್ನೊಂದು ಸದ್ದು. ಎಡಕ್ಕೆ ತಿರುಗಿಸಿದರೆ 'ಟಣ್', ಬಲಕ್ಕೆ ತಿರುಗಿಸಿದರೆ 'ಟಣ್'. ಇದಕ್ಕೆ ಆರ್‌ಪಿಎಂ ಹಂಗೇ ಇಲ್ಲ. ಅಂದರೆ ಒಳಗೆ ಏನೋ ಉರುಳಾಡುತ್ತಿದೆ.

"ರೀ, ಆಯುಧಪೂಜೆ ದಿನ ಎಲೆ ಅಡಿಕೆ ಮೇಲೆ ಒಂದ್ರೂಪಾಯಿ ಇಟ್ಟಿದ್ವಿ ಅಲ್ವಾ? ಎಲೆ ಅಡಿಕೆ ತೆಗೆದ್ವಿ. ರೂಪಾಯಿ ಎಲ್ಲಿ?"

ಇಬ್ಬರೂ ಗಾಜಿನ ಬುಡದಲ್ಲಿ ಗಾಳಿ ಬರುವ ಸಂದಿಯನ್ನು ನೋಡಿದೆವು. ಈಗಿನ ಒಂದು ರೂಪಾಯಿ ನಾಣ್ಯ ಸ್ಟೀಲಿನದು, ಆಯಸ್ಕಾಂತಕ್ಕೆ ಅಂಟುತ್ತದೆ. ಫ್ರಿಜ್ ಮೇಲಿನ ಗೊಂಬೆಯ ಬೆನ್ನಿಂದ ಆಯಸ್ಕಾಂತ ಕಿತ್ತು, ದಾರ ಕಟ್ಟಿ, ಗಾಳ ಹಾಕಿದ ಹಾಗೆ ಇಳಿಬಿಟ್ಟೆ. ಮೊದಲ ಸಲ ಹೇರ್‌ಪಿನ್ ಬಂತು. ಎರಡನೇ ಸಲ ಇನ್ನೊಂದು ಹೇರ್‌ಪಿನ್. ಯಾರದು ಅಂತ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೂರನೇ ಸಲಕ್ಕೆ ರೂಪಾಯಿ ಬಂತು, ಅರಿಶಿನ ಕುಂಕುಮದ ಸಮೇತ.

ಈ ವರ್ಷದ ಆಯುಧಪೂಜೆಗೆ ಎಲೆ ಅಡಿಕೆ ಮೇಲೆ ಹತ್ತು ರೂಪಾಯಿಯ ನೋಟು ಇಟ್ಟಿದ್ದೇನೆ.