ಬೀಕರಿಗೆ ಮಾತ್ರ ಒಲಿದ ಫಿಲ್ಮ್

ನಾನು ಪಿಎಚ್‌ಡಿಗೆ ಏನು ಮಾಡುತ್ತೇನೆ ಅಂತ ಯಾರಾದರೂ ಕೇಳಿದರೆ ‘ಸೋಲಾರ್ ಸೆಲ್’ ಅಂದುಬಿಡುತ್ತೇನೆ. ನಿಜ ಹೇಳಿದರೆ, ಗಾಜು ತೊಳೆಯುತ್ತೇನೆ. ಮೊದಲು ಸೋಪು, ಆಮೇಲೆ ಕ್ರೋಮಿಕ್ ಆ್ಯಸಿಡ್, ಆಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಅಸಿಟೋನ್. ಅಮ್ಮನಿಗೆ ಇದು ಗೊತ್ತಾದ ದಿನದಿಂದ ಊರಿಗೆ ಹೋದಾಗ ಪಾತ್ರೆ ನನ್ನ ಪಾಲು.

ಕೆಲಸದ ಹೆಸರು ಕೆಮಿಕಲ್ ಬಾತ್ ಡೆಪಾಸಿಷನ್, ಅಂದರೆ ದ್ರಾವಣದಲ್ಲಿ ಗಾಜು ಮುಳುಗಿಸಿ ಅದರ ಮೇಲೆ ತೆಳು ಪದರ (ಅದೇ ‘ಫಿಲ್ಮ್’) ಕೂರಿಸುವುದು. ಹೆಸರಿನಷ್ಟು ಸಾಮಾನು ದೊಡ್ಡದಲ್ಲ. ಒಂದು ಬೀಕರ್, ಹಾಟ್ ಪ್ಲೇಟ್, ಥರ್ಮಾಮೀಟರ್, ಗಾಜಿನ ಸ್ಲೈಡ್. ವ್ಯಾಕ್ಯೂಮ್ ಪಂಪಿಗೆ ಲಕ್ಷಗಟ್ಟಲೆ ಸುರಿಯಲಾಗದ ಡಿಪಾರ್ಟ್‌ಮೆಂಟುಗಳು ಇದನ್ನೇ ನಂಬಿಕೊಂಡಿವೆ. ಹೊಸ ವಿದ್ಯೆಯೂ ಅಲ್ಲ. 1884ರಲ್ಲೇ ಎಮರ್ಸನ್ ರೆನಾಲ್ಡ್ಸ್ ಥಯೋಯೂರಿಯಾ ಬಳಸಿ ಲೆಡ್ ಸಲ್ಫೈಡ್ ಪದರ ಕೂರಿಸಿದ್ದರು. ನಮ್ಮದು ಕ್ಯಾಡ್ಮಿಯಂ ಸಲ್ಫೈಡ್, ಸೋಲಾರ್ ಸೆಲ್ಲಿನಲ್ಲಿ ಒಂದು ಪದರವಾಗುವಂಥದ್ದು. ಕ್ಯಾಡ್ಮಿಯಂ ಉಪ್ಪಿಗೆ ಅಮೋನಿಯಾ, ಅದಕ್ಕೆ ಗಂಧಕ ಕೊಡುವ ಥಯೋಯೂರಿಯಾ ಹಾಕಿ 70 ಡಿಗ್ರಿ ಹತ್ತಿರ ಬಿಸಿ ಮಾಡಿದರೆ ಗಾಜು ಮೆಲ್ಲಗೆ ಹಳದಿಯಾಗುತ್ತದೆ.

ಆಗಬೇಕು, ಅಷ್ಟೇ. ಇಲ್ಲಿ ಅಮೋನಿಯಾದ ಕೆಲಸ ಕ್ಯಾಡ್ಮಿಯಂ ಅನ್ನು ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಬಿಡುವುದು, ಜಿಪುಣ ಯಜಮಾನ ಸಂಬಳ ಕೊಟ್ಟ ಹಾಗೆ. ಆದರೆ ಅದು ಬಿಸಿಗೆ ಆವಿಯಾಗಿ ಹೋಗುತ್ತಿರುತ್ತದೆ, ನಮ್ಮ ಕಣ್ಣಲ್ಲಿ ನೀರು ತರಿಸಿ. ಅದು ಕಡಿಮೆಯಾದರೆ ಕ್ಯಾಡ್ಮಿಯಂ ಒಮ್ಮೆಲೇ ಹೊರಬಿದ್ದು ಬೀಕರಿನಲ್ಲೇ ಪುಡಿಯಾಗುತ್ತದೆ. ಆ ಪುಡಿ ಸ್ಲೈಡಿಗೆ ಅಂಟಿದ್ದೂ ಫಿಲ್ಮಿನ ಥರವೇ ಕಾಣುತ್ತದೆ. ಹತ್ತಿಯಲ್ಲಿ ಒರೆಸಿ ನೋಡಿ, ಗಾಜು ಪುನಃ ಬೋಳು. ಇನ್ನು ಕರೆಂಟ್ ಹೋದರಂತೂ ಕೇಳಲೇಬೇಡಿ. ಜನರೇಟರ್ ಇರುವುದು ಆಫೀಸಿನ ಏಸಿಗೆ.

ಸ್ಲೈಡಿನ ಎರಡೂ ಕಡೆ ಫಿಲ್ಮ್ ಬೆಳೆಯುತ್ತದೆ. ಓರೆಯಾಗಿ ಇಟ್ಟಿದ್ದರೆ ಕೆಳಮುಖದ ಕಡೆಯದ್ದು ಚೆನ್ನ, ಅಲ್ಲಿ ಪುಡಿ ಕೂರುವುದಿಲ್ಲ. ಮೇಲಿನದ್ದನ್ನು ಆ್ಯಸಿಡ್ ಅದ್ದಿದ ಹತ್ತಿಯಿಂದ ಒರೆಸಬೇಕು. ನಮ್ಮ ಜೂನಿಯರ್ ಒಬ್ಬಳು ಬಹಳ ಶ್ರದ್ಧೆಯಿಂದ ಒರೆಸಿದಳು, ಒಳ್ಳೆಯ ಕಡೆಯನ್ನು. ಕೊಳೆತ ಮೊಟ್ಟೆಯ ವಾಸನೆ ಕಾರಿಡಾರಿನವರೆಗೆ ಹೋಯಿತು. ಪಕ್ಕದ ಲ್ಯಾಬಿನವರು ಅವತ್ತು ಊಟಕ್ಕೆ ಬೇಗ ಎದ್ದರು.

ಹೇಗೋ ಉಳಿದ ಫಿಲ್ಮಿನ ಬ್ಯಾಂಡ್ ಗ್ಯಾಪ್, ಅಂದರೆ ಅದರೊಳಗಿನ ಎಲೆಕ್ಟ್ರಾನನ್ನು ಎಬ್ಬಿಸಿ ಓಡಿಸಲು ಬೇಕಾದ ಕನಿಷ್ಠ ಶಕ್ತಿ, ಅಳೆಯುತ್ತೇವೆ. ಪುಸ್ತಕದ ಲೆಕ್ಕ 2.42 ಎಲೆಕ್ಟ್ರಾನ್ ವೋಲ್ಟ್. ನೀಲಿ ಬೆಳಕನ್ನು ಅದು ನುಂಗುವುದರಿಂದಲೇ ಹಳದಿಯಾಗಿ ಕಾಣುವುದು. 2.42 ಬಂದರೆ ‘ಹಿಂದಿನ ವರದಿಗಳಿಗೆ ಹೊಂದುತ್ತದೆ’ ಅಂತ ಬರೆಯುತ್ತೇವೆ. ಜಾಸ್ತಿ ಬಂದರೆ ‘ನ್ಯಾನೋ ಕಣಗಳು’ ಅಂತ ಬರೆಯುತ್ತೇವೆ, ಕಣ ತೀರಾ ಸಣ್ಣದಾದರೆ ಗ್ಯಾಪ್ ಹಿಗ್ಗುತ್ತದಲ್ಲ. ಗ್ರಾಫಿನಲ್ಲಿ ಸ್ಕೇಲ್ ಎಲ್ಲಿಡುತ್ತೇವೆ ಅನ್ನುವುದರ ಮೇಲೂ ಇದು ನಿಂತಿದೆ, ಆ ವಿಷಯ ಇಲ್ಲಿ ಬೇಡ.

ಹೊಟ್ಟೆ ಉರಿಯುವ ಸಂಗತಿ ಬೇರೆ ಇದೆ. ಹಾಕಿದ್ದರಲ್ಲಿ ಬಹುಪಾಲು ಪುಡಿಯಾಗಿಯೋ ಬೀಕರಿನ ಗೋಡೆಗೋ ಹೋಗುತ್ತದೆ. ಗೋಡೆಯ ಮೇಲಿನ ಫಿಲ್ಮ್ ನೋಡಬೇಕು! ಒಂದು ಚುಕ್ಕೆ ಇಲ್ಲ, ಕನ್ನಡಿಯ ಹಾಗೆ ಮಿರಮಿರ. ಬೀಕರನ್ನು ಯಾರೂ ತೊಳೆದಿರುವುದಿಲ್ಲ ಅಷ್ಟು ಭಕ್ತಿಯಿಂದ, ಆದರೂ ಅಲ್ಲೇ ಕೂರುತ್ತದೆ. ಒಡೆದು ಎಕ್ಸ್‌ಆರ್‌ಡಿಗೆ (ಎಕ್ಸ್-ರೇ ಬಿಟ್ಟು ಹರಳಿನ ರಚನೆ ನೋಡುವ ಪರೀಕ್ಷೆ) ಕಳಿಸೋಣ ಸರ್, ಅಂತ ಗೈಡಿಗೆ ಅಂದೆ. “ಸ್ಟಾಕ್ ರಿಜಿಸ್ಟರಿಗೆ ನಿಮ್ಮಪ್ಪ ಸೈನ್ ಹಾಕ್ತಾರಾ?” ಅಂದರು.

ಆ ಪುಣ್ಯ ಅಟೆಂಡರ್ ಅಣ್ಣನ ಪಾಲಿಗೆ ಬಂತು. ಒಂದು ಸೋಮವಾರ ಅವರ ಕೈ ಜಾರಿತು. ಸರ್ ಬೈಯಲಿಲ್ಲ, ಓಡಿ ಬಂದು ದೊಡ್ಡ ಚೂರೊಂದನ್ನು ಎತ್ತಿಕೊಂಡು ಎಕ್ಸ್‌ಆರ್‌ಡಿಗೆ ಕಳಿಸಿದರು. ಗೋಡೆಯ ಚೂರು ಬಾಗಿತ್ತು, ಗ್ರಾಫಿನ ಪೀಕುಗಳೆಲ್ಲ ಜಾಗ ಬಿಟ್ಟು ಸರಿದಿದ್ದವು.

“ತಳದ ಚೂರು ಚಪ್ಪಟೆ ಇರತ್ತೆ ಅಲ್ವಾ, ಎಲ್ಲಪ್ಪಾ ಅದು?” ಅಂತ ಸರ್ ಕೇಳಿದರು.

“ಕ್ಯಾಡ್ಮಿಯಂ ವಿಷ, ಬೇರೆ ಡಬ್ಬಿಗೇ ಹಾಕ್ಬೇಕು ಅಂತ ನೀವೇ ಹೇಳಿದ್ರಲ್ಲ ಸರ್. ಗುಡಿಸಿ ಹಾಕ್ದೆ. ಆ ಡಬ್ಬಿ ಗಾಡೀಲಿ ಹೋಯ್ತು.”